ಬೆಲ್ಲದ ಗ್ಯಾಸಿಗೆ ವಾರಬಂದಿ

ಕಾಲುವೆಯ ಕಳೆಗೂ ನನಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ. ಶಹಾಪುರದ ಹತ್ತಿರ ನಮ್ಮ ಕಾಲುವೆಯಲ್ಲಿ ಅದು ಯಾರ ಅಪ್ಪಣೆಯನ್ನೂ ಕೇಳದೆ ಬೆಳೆಯುತ್ತದೆ. ಕೀಳಿಸಿದರೆ ಇನ್ನೂ ಜೋರಾಗಿ ಬೆಳೆಯುತ್ತದೆ. ‘ಸದರಿ ಕಳೆಯನ್ನು ತೆರವುಗೊಳಿಸಲು ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು’ ಎಂದು ಹದಿನೆಂಟು ವರ್ಷಗಳಿಂದ ಕಾಗದ ಬರೆಯುತ್ತಿರುವ ನೀರಾವರಿ ಕಚೇರಿಯ ಗುಮಾಸ್ತ ನಾನೇ, ಚಂದ್ರಾಮಪ್ಪ. ಅದೇ ಕಳೆಯ ಎಂಟು ಎಳೆಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಮನೆಗೆ ತಂದು, ಗಾಜಿನ ಮೀನಿನ ತೊಟ್ಟಿಯಲ್ಲಿ, ಮೂರು ಸಲ ತೊಳೆದ ಮರಳಿನಲ್ಲಿ ನೆಟ್ಟೆ. ಒಂದೇ ವಾರದಲ್ಲಿ ಹಳದಿಯಾಗಿ ತಲೆ ಬಾಗಿಸಿತು.

“ಸರ್ಕಾರ ಕಿತ್ತು ಒಗ್ಯಾಕತ್ತದ, ನೀವು ತಂದು ಸಾಕಾಕತ್ತೀರಿ,” ಎಂದಳು ನನ್ನ ಹೆಂಡತಿ ಸುಂದ್ರಮ್ಮ. “ಅದಕ್ಕೂ ಮಾನ ಮರ್ಯಾದಿ ಅದಲ್ರೀ, ನಾಚಿ ಸಾಯಾಕತ್ತದ.”

ಈ ತೊಟ್ಟಿ ನಮ್ಮ ಮನೆಗೆ ಬಂದದ್ದು ವರ್ಗವಾಗಿ ಹೋದ ಸಾಹೇಬರೊಬ್ಬರ ಕೃಪೆಯಿಂದ. ಲಾರಿಯಲ್ಲಿ ಒಡೆದೀತೆಂದು ಅವರು ಅದನ್ನೂ ಅದರೊಳಗಿನ ಆರು ಗಪ್ಪಿ ಮೀನುಗಳನ್ನೂ ನನ್ನ ಕೈಗಿತ್ತು, “ನಿಮ್ಮಂಥ ರಸಿಕರ ಮನೆಯಲ್ಲಿರಲಿ” ಎಂದಿದ್ದರು. (ರಸಿಕ ಎಂದು ನನ್ನನ್ನು ಕರೆದ ಮೊದಲ ಮನುಷ್ಯ. ಎರಡನೆಯವರು ಇನ್ನೂ ಸಿಕ್ಕಿಲ್ಲ.) ಮನೆಯಲ್ಲಿ ಇರುವುದು ಒಂದೇ ಒಂದು ದೊಡ್ಡ ಕಿಟಕಿ. ಅದರ ಕೆಳಗೆ ತೊಟ್ಟಿಯನ್ನಿಟ್ಟು, ನೀರಿಗೆ ಪಾಚಿ ಕಟ್ಟದಿರಲೆಂದು ಪರದೆಯನ್ನೂ ಎಳೆದೆ.

ಜಗಳ ಶುರುವಾದದ್ದು ಅಲ್ಲಿಂದ. ಸುಂದ್ರಮ್ಮ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಾಳೆ. ಅವಳ ಮಷೀನು ಅಡುಗೆಮನೆಯ ಮೂಲೆಯಲ್ಲಿದೆ. ಆ ಕಿಟಕಿಯ ಮೇಲೆ ಅವಳಿಗೆ ಮದುವೆಯಾದಾಗಿನಿಂದ ಕಣ್ಣು.

“ಮೂಲ್ಯಾಗ ಕತ್ತಲಿ ರೀ. ಸೂಜಿಗೆ ದಾರ ಪೋಣಸಾಕ ಹೋದ್ರ ಬಟ್ಟಿಗೆ ಚುಚ್ಚತದ. ಕಿಟಕಿ ಕೊಡ್ರಿ ಅಂತ ಎಷ್ಟ್ ವರ್ಷ ಕೇಳ್ಲಿ? ಈಗ ಆ ಮೀನಿಗೆ ಕೊಟ್ರಿ. ಕೊಟ್ಟು ಮ್ಯಾಲ ಪರದಾನೂ ಹಾಕಿದ್ರಿ. ನನಗೂ ಇಲ್ಲ, ಅವಕ್ಕೂ ಇಲ್ಲ!”

“ಅರ್ಜಿ ಕೊಡು, ಮುಂದಿನ ಪಾಳಿಗೆ ನೋಡೋಣ,” ಎಂದೆ.

ತಪ್ಪು ತಿಳಿಯಬೇಡಿ, ಇದು ಕಚೇರಿಯ ರೂಢಿ. ನೀರು ಬರಲಿಲ್ಲ ಎಂದು ಬರುವ ರೈತರಿಗೆ ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಈ ಮಾತು ಬಾಯಲ್ಲಿ ಕೂತುಬಿಟ್ಟಿದೆ. ಸುಂದ್ರಮ್ಮನ ತಂದೆ, ಅಂದರೆ ನನ್ನ ಮಾವ ಈಶಪ್ಪನವರಿಗೂ ಇದೇ ಉತ್ತರ. ಅವರ ಊರು ಕೊಂಕಲ್. ಹೊಲ ಇರುವುದು ಕಾಲುವೆಯ ಕಟ್ಟಕಡೆಯ ತುದಿಗೆ. ಮೇಲಿನವರು ಭತ್ತಕ್ಕೆ ನೀರು ತುಂಬಿಕೊಂಡು ಉಳಿದರೆ ಮಾತ್ರ ಅವರಿಗೆ. ಉಳಿದದ್ದು ನಾನಂತೂ ಕಂಡಿಲ್ಲ. ಪ್ರತಿ ಸಲ ಬಂದಾಗಲೂ ಅವರು, “ಅಳಿಯಂದ್ರ, ನೀರ್ ಯಾವಾಗ?” ಎನ್ನುತ್ತಾರೆ. ನಾನು, “ಅರ್ಜಿ ಕೊಡ್ರಿ ಮಾವಾರ, ಮುಂದಿನ ಪಾಳಿಗೆ ನೋಡೋಣ” ಎನ್ನುತ್ತೇನೆ. ಅವರು ಕೊಡುತ್ತಾರೆ. ನಾನು ಫೈಲಿಗೆ ಹಾಕುತ್ತೇನೆ. ಸಂಬಂಧಕ್ಕೆ ಧಕ್ಕೆ ಬಂದಿಲ್ಲ.

ಆದರೆ ಹೆಂಡತಿ ಅರ್ಜಿ ಕೊಡುವ ಜಾತಿಯಲ್ಲ. ಅವಳು ನೇರವಾಗಿ ಆದೇಶವನ್ನೇ ಹೊರಡಿಸಿದಳು. “ಪಂಚಮಿಗೆ ಅಪ್ಪ ನನ್ನ ಕರಿಯಾಕ ಬರ್ತಾನ. ಅಷ್ಟರಾಗ ಈ ಕಸ ಹಸರ ಆಗಬೇಕು. ಆತಂದ್ರ ಕಿಟಕಿ ನಿಮ್ದು, ಇನ್ನ ನಾ ಉಸರ ಎತ್ತಂಗಿಲ್ಲ. ಆಗಲಿಲ್ಲಂದ್ರ ಡಬ್ಬಿ ಹೊರಗ, ಮಷೀನ್ ಕಿಟಕಿಗಿ. ಏನಂತೀರಿ?”

ಗಂಡಸಲ್ಲವೇ, “ಆಗ್ಲಿ” ಎಂದುಬಿಟ್ಟೆ. ಪಂಚಮಿಗೆ ಆಗ ಮೂರೇ ವಾರ ಉಳಿದಿತ್ತು.

ಪಕ್ಕದ ಮನೆಯ ಖುರ್ಷೀದಬೇಗಂ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಎದುರಿಗಿರುವವರು ಗುಮಾಸ್ತರಾಗಲಿ ಸಾಹೇಬರಾಗಲಿ, ಅವರ ಕಣ್ಣಿಗೆ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನವರೇ. ಕರೆದೆ. ಬಂದು, ಕನ್ನಡಕವನ್ನು ತೊಟ್ಟಿಯ ಗಾಜಿಗೆ ತಾಗಿಸಿ ನೋಡಿದರು.

“ಹಸದಾವ್ರಿ ಪಾಪ. ನಮಗ ಅನ್ನ ಹ್ಯಾಂಗೋ ಇವಕ್ಕ ಕಾರ್ಬನ್ ಡೈಆಕ್ಸೈಡ್ ಹಂಗ. ಮೊದಲ ಆ ಪರದಾ ತೆಗೀರಿ, ಬೆಳಕು ಬೇಕು. ಆಮ್ಯಾಲ ಬೇಕಂದ್ರ ಗ್ಯಾಸ್ ಮನ್ಯಾಗ ತಯಾರ್ ಮಾಡಬಹುದು. ಒಂದು ಬಾಟ್ಲಿ, ಸಕ್ರಿ ಇಲ್ಲಾ ಬೆಲ್ಲ, ಉಗುರುಬೆಚ್ಚಗಿನ ನೀರು, ಬೇಕರ್‍ಯಾಗ ಬ್ರೆಡ್ ಉಬ್ಬಸ್ತಾರಲ್ಲ ಆ ಈಸ್ಟ್, ಒಂದ್ ಚಿಟಿಕಿ. ಬೂಚಿಗೆ ಪೈಪ್ ಹಾಕಿ ನೀರಾಗ ಬಿಡ್ರಿ. ಗುಳ್ಳಿ ಗುಳ್ಳಿ ಬರ್ತದ.”

“ಇಷ್ಟೇ ಏನ್ರಿ ಟೀಚರ್?”

“ಇಷ್ಟೇ. ಆದ್ರ ಭಾಯಿ, ಒಂದ್ ಮಾತ್ ತಲ್ಯಾಗ ಇಟಗೋರಿ. ಈಸ್ಟ್ ಅಂದ್ರ ಜೀವ. ಒಮ್ಮಿ ಚಾಲೂ ಆತಂದ್ರ ನಿಮ್ಮ ಮಾತ್ ಕೇಳಂಗಿಲ್ಲ. ಪೈಪ್ ಮಾತ್ರ ಬಿಲ್ಕುಲ್ ಬಂದ್ ಮಾಡಬ್ಯಾಡ್ರಿ. ಸಾಕು ಅನಸಿದ್ರ ಪೈಪ್ ನೀರಿಂದ ಹೊರಗ ತೆಗೀರಿ, ಬೂಚ್ ಸಡಲ ಮಾಡ್ರಿ. ಸಮಝ್ ಆತ?”

“ಆತ್ರಿ,” ಎಂದೆ. ಗ್ಯಾಸ್ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನ್ನ ತಲೆ ಬೇರೆಲ್ಲೋ ಓಡುತ್ತಿತ್ತು. ಪರದೆಯ ಮಾತು ಆ ಓಟದಲ್ಲಿ ಬಿದ್ದುಹೋಯಿತು.

ಹೀಗೆ ನಮ್ಮ ಮನೆಯಲ್ಲಿ ಬೆಲ್ಲ ಅನಿಲ ಏತ ಯೋಜನೆಗೆ ಚಾಲನೆ ದೊರೆಯಿತು. ಎರಡು ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟಲಿ ತಂದೆ. ಔಷಧಿ ಅಂಗಡಿಯಲ್ಲಿ ಗ್ಲುಕೋಸ್ ಏರಿಸುವ ಪೈಪು ತಂದೆ. ಅದರ ನಡುವೆ ಹನಿ ಹೆಚ್ಚುಕಡಿಮೆ ಮಾಡಲು ಒಂದು ಪುಟ್ಟ ಚಕ್ರವಿರುತ್ತದಲ್ಲ, ಅದನ್ನು ನೋಡಿದ ಕೂಡಲೇ ನನ್ನ ಮೈ ಝುಂ ಎಂದಿತು. ಅಬ್ಬಾ, ಗೇಟು! ನನ್ನದೇ ಸ್ವಂತ ಗೇಟು! ಹದಿನೆಂಟು ವರ್ಷ ಯಾವ ಗೇಟು ಯಾವತ್ತು ತೆರೆಯಬೇಕು, ಯಾವತ್ತು ಮುಚ್ಚಬೇಕು ಎಂದು ಪಟ್ಟಿ ಬರೆದವನು ನಾನು, ತಿರುವಿದವರು ಬೇರೆಯವರು. ಬೂಚಿಗೆ ತೂತು ಕೊರೆದು ಪೈಪು ತೂರಿಸಿ, ನಲ್ಲಿ ಸೋರದಂತೆ ಹಚ್ಚುವ ಅಂಟನ್ನು ಮೂರು ಸುತ್ತು ಮೆತ್ತಿದೆ. ಸೋರಿಕೆಯ ಬಗ್ಗೆ ಬಂದ ದೂರುಗಳನ್ನು ಓದಿ ಓದಿ ನನಗೆ ಅದರ ಭಯ ಸ್ವಲ್ಪ ಜಾಸ್ತಿ.

ಮಾರನೆಯ ದಿನ ಮುಂಜಾನೆ ಮೊದಲ ಗುಳ್ಳೆ ಬಂತು. ಗುಳುಕ್. ಆಮೇಲೆ ಇನ್ನೊಂದು. “ಸುಂದ್ರಿ! ಬಂತು! ಬಾ ಇಲ್ಲಿ!” ಎಂದು ಕೂಗಿದ ರಭಸಕ್ಕೆ ಅವಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು, ಯಾರೋ ನೆಂಟರು ಬಂದರೆಂದು.

“ಇದಕ್ಕ ಇಷ್ಟ್ ಒದರಿದ್ರೇನು? ನಾ ದಿನಾ ಬ್ಯಾಳಿ ಕುದಸ್ತೀನಿ, ಇದಕ್ಕಿಂತ ದೊಡ್ಡ ಗುಳ್ಳಿ ಬರ್ತಾವ. ಒಂದಿನರ ಬಂದ್ ನೋಡೀರೇನ್ರಿ?”

ಅಂದರೂ ನಾಲ್ಕೈದು ದಿನಗಳಲ್ಲಿ ಪೈಪಿನ ಬಾಯಿಯ ಹತ್ತಿರ ಇದ್ದ ಮೂರು ಎಳೆಗಳು ಹಸಿರು ಚಿಗುರು ಬಿಟ್ಟವು. ನಾನು ಬಾಗಿಲಲ್ಲಿ ಹಾದುಹೋಗುವವರನ್ನೆಲ್ಲ ಕರೆದು ತೋರಿಸಿದೆ. ಆಚೆ ತುದಿಯ ಐದು ಎಳೆಗಳು ಮಾತ್ರ ಹಳದಿಯಾಗಿಯೇ ನಿಂತಿದ್ದವು. ಸುಂದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಹ್ಞೂಂ. ಇಲ್ಲೂ ತುದೀಗಿದ್ದವರ ಪಾಡು ಅದೇ ಏನು? ಥೇಟ್ ನಮ್ಮಪ್ಪನ ಹೊಲ,” ಎಂದಳು.

ಮುಂದಿನ ಬುಧವಾರ ಬೆಳಿಗ್ಗೆ ಹೊಸ ತೊಂದರೆ. ಆರೂ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

“ಉಸರ ಕಟ್ಟೇದ್ರೀ ಅವಕ್ಕ! ಗ್ಯಾಸ್ ಹೆಚ್ಚಾಗೇದ,” ಎಂದಳು ಸುಂದ್ರಮ್ಮ. “ಟೀಚರಮ್ಮನ್ನ ಕೇಳ್ರಿ ಹೋಗ್ರಿ.”

ನಾನೇಕೆ ಕೇಳಲಿ? ಹೆಚ್ಚಾದ ಹರಿವನ್ನು ಹತೋಟಿಗೆ ತರುವುದು ನನ್ನ ಕಸುಬಲ್ಲವೇ? ನಮ್ಮ ಕಾಲುವೆಗೆ ವಾರಬಂದಿ ಎಂಬ ಪದ್ಧತಿಯಿದೆ. ಇಷ್ಟು ದಿನ ನೀರು ಚಾಲೂ, ಇಷ್ಟು ದಿನ ಬಂದ್. ಬಂದ್ ಇದ್ದಾಗ ನೀರು ಜಲಾಶಯದಲ್ಲಿ ಸುಮ್ಮನೆ ಕೂತಿರುತ್ತದೆ. ಅದೇ ನಿಯಮವನ್ನು ಬಾಟಲಿಗೂ ಅನ್ವಯಿಸಿದರೆ ಮೀನಿಗೆ ಉಸಿರು, ಕಳೆಗೆ ಊಟ, ಬೆಲ್ಲಕ್ಕೆ ಉಳಿತಾಯ! ಇಷ್ಟು ಸರಳ ಸಂಗತಿ ವಿಜ್ಞಾನದ ಟೀಚರಿಗೆ ಹೊಳೆಯದೆ ಹೋಯಿತಲ್ಲ ಎಂದು ಅವರ ಬಗ್ಗೆ ನಿಜವಾಗಿಯೂ ಮರುಕವಾಯಿತು.

ಕಚೇರಿಯ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದು ತೊಟ್ಟಿಯ ಗಾಜಿಗೆ ಅಂಟಿಸಿದೆ: ‘ಸದರಿ ಗೇಟು ರವಿವಾರ ಮಧ್ಯಾಹ್ನ ಹನ್ನೆರಡರಿಂದ ಬುಧವಾರ ಸಂಜೆಯವರೆಗೆ ಚಾಲೂ. ತದನಂತರ ರವಿವಾರ ಮಧ್ಯಾಹ್ನ ಹನ್ನೆರಡರವರೆಗೆ ಬಂದ್. ಆದೇಶಾನುಸಾರ.’ ಬಂದ್ ಇರುವಾಗ ಜಲಾಶಯ ತುಂಬಿಸಿಕೊಳ್ಳುವುದು ಜಾಣರ ಲಕ್ಷಣ. ಆದ್ದರಿಂದ ಬಾಟಲಿಗೆ ಹೊಸ ನೀರು, ಹೊಸ ಈಸ್ಟು (ಚಿಟಿಕೆ ಸಾಲದೆಂದು ಎರಡು ಚಮಚ) ಮತ್ತು ಗೂಡಿನಲ್ಲಿದ್ದ ಬೆಲ್ಲದ ಪೆಂಟೆಯನ್ನೇ ಕುಟ್ಟಿ ತುಂಬಿದೆ. ಬುಧವಾರ ಸಂಜೆ ಆರು ಗಂಟೆಗೆ ಸರಿಯಾಗಿ ಚಕ್ರವನ್ನು ಕೊನೆಯವರೆಗೆ ತಿರುವಿದೆ. ಗುಳ್ಳೆ ನಿಂತಿತು. ಮೀನುಗಳು ಕೆಳಗಿಳಿದವು. ಸಾಕ್ಷಾತ್ ನೀರಾವರಿ ಮಂತ್ರಿಯಾದಂತೆ ಎದೆಯುಬ್ಬಿತು.

ಗುರುವಾರ ಅಡುಗೆಮನೆಯಿಂದ ಕೂಗು ಕೇಳಿಸಿತು. “ಏನ್ರೀ, ಉಂಡಿಗಂತ ಇಟ್ಟ ಬೆಲ್ಲ ಎಲ್ಲಿ ಹೋತು?”

“ಇರುವಿ ಬಿದ್ದಿರಬೇಕು ನೋಡು.”

“ಇರುವಿ ಪೆಂಟಿ ಹೊತಗೊಂಡ್ ಹೋಗ್ತಾವೇನ್ರಿ? ಕಾಗದ ಸುದ್ದಾ ಬಿಟ್ಟಿಲ್ಲ!” ಎಂದು ಹೊರಗೆ ಬಂದವಳು ಬಾಟಲಿಯ ಬಣ್ಣ ನೋಡಿ ನಿಂತಳು. “ಅಯ್ಯ ನಿಮ್ಮ! ಪಂಚಮಿ ಬೆಲ್ಲ ಈ ಕಸಕ್ಕ ಹಾಕಿದ್ರಿ? ಅಪ್ಪಗ ಉಂಡಿ ಬದಲಿ ಇದರಾಗಿನ ಗುಳ್ಳಿ ಕಟ್ಟಿ ಕೊಡ್ಲೇನು?” ಬೇರೆ ಬೆಲ್ಲ ತಂದುಕೊಟ್ಟೆ. ಆದರೂ ಎರಡು ದಿನ ನನ್ನ ರೊಟ್ಟಿ ಸ್ವಲ್ಪ ಸೀದೇ ಬಂತು.

ರವಿವಾರ ಹನ್ನೊಂದರ ಹೊತ್ತಿಗೆ ಮಾವ ಬಂದರು. ಬಿಳಿ ಧೋತರ, ಇಸ್ತ್ರಿಯ ಬಿಳಿ ಅಂಗಿ, ತಲೆಗೆ ಹಳದಿ ರುಮಾಲು. ಊರಿನ ಭಜನಾ ಮೇಳದ ಹಿರಿಯರು ಅವರು. ಚಹಾಕ್ಕಿಂತ ಗಟ್ಟಿಯಾದದ್ದನ್ನು ತುಟಿಗೆ ಮುಟ್ಟಿಸಿದವರಲ್ಲ, ಮುಟ್ಟಿಸಿದವರ ಮನೆಯಲ್ಲಿ ನೀರನ್ನೂ ಕುಡಿಯುವವರಲ್ಲ. ತೊಟ್ಟಿಯ ಎದುರಿನ ಕುರ್ಚಿಯಲ್ಲಿಯೇ ಕೂರಿಸಿದೆ. ಹಸಿರು ತೋರಿಸಬೇಕಿತ್ತಲ್ಲ. ಕಿಟಕಿ ಯಾರದೆಂದು ಇವತ್ತು ತೀರ್ಮಾನವಾಗಬೇಕು.

“ನೋಡ್ರಿ ಮಾವಾರ, ಚಿಗುರು!”

ಅವರು ಬಾಗಿ ಹಸಿರಾದ ಮೂರು ಎಳೆ ನೋಡಿದರು. ಆಮೇಲೆ ಹಳದಿಯಾದ ಐದನ್ನು ನೋಡಿದರು. ಹೆಚ್ಚು ಹೊತ್ತು ನೋಡಿದ್ದು ಆ ಐದನ್ನೇ. “ನನ್ನ ಹೊಲಕ್ಕ ನೀರ್ ಯಾವಾಗ್ರಿ ಅಳಿಯಂದ್ರ?” ಎಂದರು.

“ಅರ್ಜಿ ಕೊಡ್ರಿ ಮಾವಾರ, ಮುಂದಿನ ಪಾಳಿಗೆ...”

“ಕೊಟ್ಟೀನ್ರಿ,” ಎಂದು ಅವರು ಮೆಲ್ಲಗೆ ಬಾಟಲಿಯ ಮೇಲೆ ಕೈಯಿಟ್ಟರು. ಕೂಡಲೇ ಕೈ ತೆಗೆದರು. ಮತ್ತೆ ಇಟ್ಟು, ಬೆರಳಿನಿಂದ ಬಡಿದು, ಕಿವಿ ಹತ್ತಿರ ಒಯ್ದರು. “ಏನಪಾ ಇದು, ಕಲ್ಲಾಗೇದ! ಹಸೇ ಹುಲ್ಲ್ ತಿಂದು ಹೊಟ್ಟಿ ಉಬ್ಬಿದ ಎಮ್ಮಿ ಹಿಂಗೇ ಇರ್ತದ. ಗಾಳಿ ತೆಗೀರಿ ಲಗೂನ, ಇದು ಒಳ್ಳೇ ಲಕ್ಷಣ ಅಲ್ಲ.”

ನಾನೂ ನೋಡಿದೆ. ಬಾಟಲಿಯ ಸೊಂಟ ಮಾಯವಾಗಿತ್ತು. ತಳ ಉಬ್ಬಿ ಅದು ಒಂದು ಕಡೆಗೆ ವಾಲಿ ನಿಂತಿತ್ತು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ಐವತ್ತು.

“ಇನ್ನ ಹತ್ತ್ ನಿಮಿಷ ಅದ ಮಾವಾರ.”

“ಯಾತಕ್ಕ?”

“ಗೇಟ್ ತೆರಿಯಾಕ. ಪಟ್ಟಿ ನೋಡ್ರಿ, ಹನ್ನೆರಡಕ್ಕ ಅಂತ ಬರದದ.”

ಸುಂದ್ರಮ್ಮ ಚಹಾದ ಬಟ್ಟಲು ಹಿಡಿದುಕೊಂಡು ಬಂದಿದ್ದಳು. “ಪಟ್ಟಿ ಬರದವರು ನೀವೇ ಅಲ್ರೀ?”

“ಬರದ ಮ್ಯಾಲ ಮುಗೀತು. ಇವತ್ತ್ ಹತ್ತ್ ನಿಮಿಷ ಬಿಟ್ರ, ನಾಳೆ ಹತ್ತ್ ತಾಸು ಕೇಳ್ತಾರ.”

“ಯಾರ್ ಕೇಳ್ತಾರ್ರೀ? ಮೀನ್ ಕೇಳ್ತಾವೇನು?”

“ಶಿಸ್ತು ಅಂದ್ರ ಶಿಸ್ತು, ಸುಂದ್ರಿ!” ಎಂದು ನಾನು ಬಾಗಿಲ ಹತ್ತಿರ, ಗಡಿಯಾರದ ಕೆಳಗೆ ಹೋಗಿ ನಿಂತೆ. ಹನ್ನೊಂದು ಐವತ್ತೇಳು. ಹನ್ನೊಂದು ಐವತ್ತೆಂಟು. ಮಾವ ಕುರ್ಚಿಯನ್ನು ಹಿಂದಕ್ಕೆ ಸರಿಸಲು ಅರ್ಧ ಎದ್ದಿದ್ದರು.

ಹನ್ನೊಂದು ಐವತ್ತೆಂಟೂವರೆಗೆ ಈಸ್ಟು ಆದೇಶವನ್ನು ಉಲ್ಲಂಘಿಸಿತು.

ಢಂ ಎಂದಿತು. ನಾನು ಮೂರು ಸುತ್ತು ಅಂಟು ಮೆತ್ತಿದ್ದ ಬೂಚು, ಪೈಪು, ಗೇಟು ಸಮೇತ ಮೇಲಕ್ಕೆ ಹಾರಿ ತಿರುಗುತ್ತಿದ್ದ ಫ್ಯಾನಿಗೆ ಬಡಿಯಿತು. ಅದರ ಬೆನ್ನಿಗೇ ಎರಡು ಲೀಟರು ಹುಳಿತ ಬೆಲ್ಲದ ನೀರು ನೊರೆನೊರೆಯಾಗಿ ಎದ್ದಿತು. ಮೇಲೆ ಹೋದದ್ದನ್ನು ಫ್ಯಾನು ಬಹಳ ನಿಷ್ಠೆಯಿಂದ ನಾಲ್ಕೂ ದಿಕ್ಕಿಗೆ ಹಂಚಿತು. ಗೋಡೆಗೆ, ಪರದೆಗೆ, ತೊಟ್ಟಿಗೆ, ಸುಂದ್ರಮ್ಮನ ಚಹಾಕ್ಕೆ. ಸಿಂಹಪಾಲು ಸಿಕ್ಕಿದ್ದು ಮಾವನವರಿಗೆ. ಹಳದಿ ರುಮಾಲಿನಿಂದ ಬೆಲ್ಲದ ನೊರೆ ಹುಬ್ಬಿಗಿಳಿದು, ಹುಬ್ಬಿನಿಂದ ಮೀಸೆಗಿಳಿದು, ಮೀಸೆಯಿಂದ ಇಸ್ತ್ರಿಯ ಅಂಗಿಯ ಮೇಲೆ ಹನಿಹನಿಯಾಗಿ ತೊಟ್ಟಿಕ್ಕಿತು. ಮನೆಯೆಲ್ಲ ಸಾರಾಯಿ ಅಂಗಡಿಯ ವಾಸನೆ. ಗಡಿಯಾರದ ಕೆಳಗೆ ನಿಂತಿದ್ದ ನನ್ನ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ.

ಸುಂದ್ರಮ್ಮ ಬಟ್ಟಲು ಕೆಳಗಿಟ್ಟವಳೇ ಚಹಾ ಸೋಸುವ ಜರಡಿ ತಂದು ಮೊದಲು ಮೀನುಗಳನ್ನು ಹಿಡಿದು ಬಕೆಟ್ಟಿಗೆ ಹಾಕಿದಳು. ಹೊರಗಿನಿಂದ ಪರದೆಯ ಅಂಚು ಸರಿದು ಕಿಟಕಿಯಲ್ಲಿ ಖುರ್ಷೀದಬೇಗಂ ಅವರ ಕನ್ನಡಕ ಕಾಣಿಸಿತು. “ಬಂದ್ ಮಾಡಿದ್ರಿ, ಹೌದಲ್ಲ?” ಎಂದಷ್ಟೇ ಕೇಳಿ ಹೊರಟುಹೋದರು.

ಮಾವ ಮೀಸೆಯನ್ನು ಅಂಗೈಯಿಂದ ಸವರಿಕೊಂಡರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ.

“ಕಾಲುವಿ ಬಂದು ಇಪ್ಪತ್ತ್ ವರ್ಷ ಆತ್ರಿ ಅಳಿಯಂದ್ರ,” ಎಂದರು ಮೆತ್ತಗೆ. “ಕಾಲುವಿ ಮಂದಿ ಬಿಟ್ಟಿದ್ದು ನನ್ನ ತನಕ ಬಂದು ಮುಟ್ಟಿದ್ದು ಇದೇ ಮೊದಲ.”

ಸುಂದ್ರಮ್ಮ ಬಕೆಟ್ಟು ಹಿಡಿದುಕೊಂಡೇ ನಗಲು ಶುರುಮಾಡಿದಳು. ನಗುತ್ತಲೇ ಎಲ್ಲವನ್ನೂ ಮಾಡಿಸಿದಳು. ಮೀನು, ಕಳೆ ಎಲ್ಲವೂ ಬಕೆಟ್ಟಿನೊಂದಿಗೆ ಅಂಗಳಕ್ಕೆ ಹೋದವು. ತೊಟ್ಟಿ ಹಿತ್ತಲಿನಲ್ಲಿ ಬೋರಲಾಯಿತು. ಪರದೆ ಒಗೆಯುವ ಕಲ್ಲಿಗೆ ಹೋಯಿತು. ಮಷೀನಿನ ಒಂದು ಕಡೆ ನಾನು, ಇನ್ನೊಂದು ಕಡೆ ಮಾವ ಹಿಡಿದು ಕಿಟಕಿಗೆ ತಂದಿಟ್ಟೆವು. ಕಚೇರಿಯ ಕಾಗದ ಬರೆಯುವ ನನ್ನ ಮೇಜನ್ನು ಅಡುಗೆಮನೆಯ ಮೂಲೆಗೆ ದೂಡಲಾಯಿತು. ಮಾವ ಸ್ನಾನ ಮಾಡಿ, ಹಬ್ಬಕ್ಕೆಂದು ನಾನು ತಂದಿಟ್ಟಿದ್ದ ಹೊಸ ಧೋತರ ಅಂಗಿ ಉಟ್ಟು, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು. ಹೋಗುವಾಗ ಅವಳು, “ಮಷೀನ್ ಮುಟ್ಟೀರಿ, ನೋಡ್ರಿ ಮತ್ತ!” ಎಂದು ಬೆರಳು ತೋರಿಸಿದಳು.

ಸ್ನಾನ ಮಾಡಿದರೂ ವಾಸನೆ ಮೀಸೆ ಬಿಟ್ಟಿರಲಿಲ್ಲವಂತೆ. ಬಸ್ಸಿನಲ್ಲಿ ಕಂಡಕ್ಟರು ಮೂಗು ಹಿಂಡಿ, “ಯಜಮಾನ್ರ, ಹಬ್ಬ ಇನ್ನ ನಾಕ್ ದಿನ ಅದಲ್ರೀ, ಇಷ್ಟ್ ಲಗೂನ?” ಎಂದನಂತೆ. ಇದನ್ನು ಸುಂದ್ರಮ್ಮ ಫೋನಿನಲ್ಲಿ ಹೇಳಿದ್ದು. ಹೇಳಿದ ಮೇಲೆ ಅವಳು ಮತ್ತೆ ಫೋನು ಮಾಡಲಿಲ್ಲ.

ಪಂಚಮಿ ಮುಗಿಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿನಿಂದ ತಿರುಗಿ ಬಂದರು, ನನ್ನವಳನ್ನು ಬಿಟ್ಟು. ಎರಡು ಹೊತ್ತೂ ಚುರುಮುರಿ ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಹತ್ತನೆಯ ದಿನ ಬೆಳಿಗ್ಗೆ ಮುಖ ತೊಳೆಯಲು ಅಂಗಳಕ್ಕೆ ಹೋದವನು ಬಕೆಟ್ಟಿನಲ್ಲಿ ಬಗ್ಗಿ ನೋಡಿದೆ. ನಂಬಿದರೆ ನಂಬಿ, ನೀರೇ ಕಾಣುತ್ತಿರಲಿಲ್ಲ! ಎಂಟೂ ಎಳೆಗಳು ಕಡುಹಸಿರಾಗಿ, ಕವಲೊಡೆದು, ಅಂಚು ದಾಟಿ ಹೊರಗೆ ಇಣುಕುತ್ತಿದ್ದವು. ಸಂದಿಯಲ್ಲಿ ಸಾಸಿವೆಯಷ್ಟು ಕಣ್ಣಿನ ಮರಿಮೀನುಗಳು ಓಡಾಡುತ್ತಿದ್ದವು.

“ಗ್ಯಾಸ್ ಕೊಟ್ರೇನ್ರಿ ಭಾಯಿ?” ಎಂದು ಗೋಡೆಯಾಚೆಯಿಂದ ಖುರ್ಷೀದಬೇಗಂ ಕೇಳಿದರು.

“ಇಲ್ರಿ ಟೀಚರ್.”

“ಮತ್ತೇನ್ ಕೊಟ್ರಿ?”

“ಏನಿಲ್ರಿ. ಬಿಸಲಾಗ ಇಟ್ಟಾಳ್ರಿ.”

“ಮೊದಲನೇ ಮಾತು ಅದೇ ಹೇಳಿದ್ದೆ,” ಎಂದು ಅವರು ಒಳಗೆ ಹೋದರು.

ಈ ಸುದ್ದಿಯ ನೆಪದಲ್ಲಾದರೂ ಹೆಂಡತಿ ಬಂದಾಳೆಂದು ಕೊಂಕಲ್‌ಗೆ ಫೋನು ಹಚ್ಚಿದೆ. “ಸುಂದ್ರಿ, ಎಲ್ಲಾ ಹಸರ ಆಗೇದ! ಯಾವಾಗ ಬರ್ತಿ?” ಆ ಕಡೆಯಿಂದ ಸ್ವಲ್ಪ ಹೊತ್ತು ಗುಸುಗುಸು ಕೇಳಿಸಿತು. ಆಮೇಲೆ ಫೋನಿಗೆ ಬಂದದ್ದು ಮಾವನವರ ದನಿ. ಭಜನೆ ಹೇಳಿ ಪಳಗಿದ, ಅವಸರವಿಲ್ಲದ ದನಿ.

“ಅರ್ಜಿ ಕೊಡ್ರಿ ಅಳಿಯಂದ್ರ. ಮುಂದಿನ ಪಾಳಿಗೆ ನೋಡೋಣ.”

ಫೋನು ಇಟ್ಟುಬಿಟ್ಟರು. ನಾನು ಹೋಗಿ ಅಡುಗೆಮನೆಯ ಮೂಲೆಯಲ್ಲಿ ಮೇಜಿನ ಮುಂದೆ ಕೂತು, ಕಾಗದ ತೆಗೆದು, ‘ಇವರಿಗೆ, ಶ್ರೀಮತಿ ಸುಂದ್ರಮ್ಮನವರು, ಕೊಂಕಲ್’ ಎಂದು ಬರೆಯಲು ಶುರುಮಾಡಿದೆ. ಎರಡನೆಯ ಸಾಲು ಮೊದಲನೆಯ ಸಾಲಿನ ಮೇಲೆಯೇ ಹತ್ತಿ ಕೂತಿತು. ಕನ್ನಡಕ ಒರೆಸಿಕೊಂಡೆ, ಕಾಗದವನ್ನು ಮೂಗಿಗೆ ತಂದುಕೊಂಡೆ, ಏನು ಮಾಡಿದರೂ ಅಕ್ಷರ ಕಾಣಲಿಲ್ಲ. ನಿಜ ಹೇಳುತ್ತೇನೆ, ಆ ಮೂಲೆಯಲ್ಲಿ ತುಂಬಾ ಕತ್ತಲೆ.